ಸೂಜಿಯಕ್ಕನ ದರ

ಆ ಮನೆಯಲ್ಲಿ ಏನೇ ಹೊಸ ರಗಳೆ ಹುಟ್ಟಿದರೂ ಊಟದ ಹೊತ್ತಿಗೇ ಹುಟ್ಟಬೇಕು. ಅವತ್ತೂ ಹಾಗೇ ಆಯಿತು. ಸೂಜಿಯಕ್ಕ ಎಲ್ಲರ ತಟ್ಟೆಗೂ ಬೇಳೆ ಬಡಿಸಿ, ತಳದಲ್ಲಿ ತನಗೆಷ್ಟು ಉಳಿದಿದೆ ಎಂದು ಪಾತ್ರೆ ವಾಲಿಸಿ ನೋಡುತ್ತಿದ್ದಳು. ಮಗ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿ, "ಎಲ್ರೂ ಸ್ವಲ್ಪ ಕೇಳಿ, ಈ ಪ್ರಶ್ನೆಗಳಿಗೆ ಇವತ್ತೇ ಉತ್ತರ ತುಂಬಬೇಕು" ಎಂದ.

ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದೇ ಸೂಜಿಯಕ್ಕ ಎಂದು. ಆ ಬೀದಿಯುದ್ದಕ್ಕೂ ಪುಸ್ತಕ ಕಟ್ಟುವವರ ಅಂಗಡಿಗಳು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡಸರು ಕೆಳಗೆ ಕೂತು ರಟ್ಟು ಕತ್ತರಿಸುತ್ತಾರೆ, ಬಟ್ಟೆ ಎಳೆದು ಅಂಟಿಸುತ್ತಾರೆ, ಗಿರಾಕಿಯೊಂದಿಗೆ ಮಾತಾಡಿ ದುಡ್ಡು ಎಣಿಸಿಕೊಳ್ಳುತ್ತಾರೆ. ಹೆಂಗಸರು ಮೇಲೆ ಕೂತು, ಮಡಚಿದ ಹಾಳೆಗಳಿಗೆ ದಬ್ಬಣದಿಂದ ತೂತು ಹಾಕಿ, ಮೇಣ ಸವರಿದ ದಾರದಿಂದ ಹೊಲಿಯುತ್ತಾರೆ. ಆ ಹೊಲಿಗೆ ಕಿತ್ತುಹೋದರೆ ಪುಸ್ತಕವೇ ಇಲ್ಲ. ಆದರೂ ಅಂಗಡಿಯ ಬೋರ್ಡಿನ ಮೇಲೆ ಇರುವುದು ಗಂಡಸರ ಹೆಸರು. ಸೂಜಿಯಕ್ಕ ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿದ್ದಳು. ಅವಳಿಗೂ ಮುಂಚೆ ಅವಳ ಅತ್ತೆ ಹೊಲಿದಿದ್ದಳು.

ಮಗ ಚಿತ್ರ ಬರೆಯುವವನು. ಹಗಲು ಒಂದು ಜಾಹೀರಾತು ಆಫೀಸಿನಲ್ಲಿ ಸೋಪಿನ ಪ್ಯಾಕೆಟ್ಟಿಗೆ ಗುಳ್ಳೆ ಬರೆದು, ಉಳಿದ ಹೊತ್ತಿನಲ್ಲಿ ಎರಡು ವರ್ಷ ಕೂತು, ತನ್ನ ಬೀದಿಯ ಮೇಲೆ ಒಂದು ಚಿತ್ರಪುಸ್ತಕ ಮಾಡಿದ್ದ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಬೇಕು? ಕತ್ತರಿಸುವ ಯಂತ್ರದ ಮೇಲೆ ಮಲಗಿದ ಬೆಕ್ಕನ್ನು ನೋಡಿ ಸೂಜಿಯಕ್ಕನೇ ನಕ್ಕಿದ್ದಳು. ಪ್ರಕಾಶಕರು ಮಾತ್ರ ನಗಲಿಲ್ಲ. ಅದಕ್ಕೇ ಅವನು ಈಗ ಜನರಿಂದಲೇ ದುಡ್ಡು ಕೂಡಿಸುವ ಒಂದು ವೆಬ್‌ಸೈಟ್ ಹಿಡಿದಿದ್ದ.

"ಅಂದ್ರೆ ಚಂದಾ ಎತ್ತೋದು ಅನ್ನು" ಎಂದಳು ಅಜ್ಜಿ, ಸೂಜಿಯಕ್ಕನ ಅತ್ತೆ.

"ಚಂದಾ ಅಲ್ಲಜ್ಜಿ, ಕ್ರೌಡ್‌ಫಂಡಿಂಗ್. ಮುಂಗಡ ಕೊಡ್ತಾರೆ, ಪುಸ್ತಕ ಆದ್ಮೇಲೆ ಕಳಿಸ್ತೀವಿ. ಗುರಿ ಮುಟ್ಟಿದ್ರೆ ಪೂರ್ತಿ ದುಡ್ಡು ನಮಗೆ. ಒಂದು ಪೈಸೆ ಕಮ್ಮಿ ಬಿದ್ರೂ ಎಲ್ಲಾ ವಾಪಸ್ಸು."

"ಎಷ್ಟು ಕೇಳ್ತೀಯೋ?" ಎಂದರು ಬೈಂಡರು. ಅವಳ ಗಂಡನನ್ನು ಮನೆಯ ಹೊರಗೆ ಎಲ್ಲರೂ ಹಾಗೇ ಕರೆಯುತ್ತಿದ್ದದ್ದು.

"ಅದೇ ಮೊದಲನೇ ಪ್ರಶ್ನೆ. ಎರಡು ಲಕ್ಷ ಅಂತ ಹಾಕ್ತೀನಿ. ಎರಡನೇದು, ಎಷ್ಟು ದಿನ? ಮೂವತ್ತು. ಮೂರನೇದು, ಕೊಟ್ಟೋರಿಗೆ ನೀವೇನು ಕೊಡ್ತೀರಿ?"

ಅಷ್ಟರಲ್ಲಿ ಒಲೆಯ ಮೇಲೆ ಮೊಟ್ಟೆ ಹೊತ್ತಿದ ವಾಸನೆ ಬಂದು ಸೂಜಿಯಕ್ಕ ಒಳಗೆ ಓಡಿದಳು. ತಳ ಹಿಡಿದದ್ದನ್ನು ಕೆರೆದು, ಕರಿದಾದದ್ದನ್ನು ತನಗೆಂದು ಪಕ್ಕಕ್ಕಿಟ್ಟು ವಾಪಸ್ಸು ಬರುವ ಹೊತ್ತಿಗೆ ಮಗ ಆರನೇ ಪ್ರಶ್ನೆಯಲ್ಲಿದ್ದ. ಅವಳು ಅಡುಗೆಮನೆಯಲ್ಲಿದ್ದ ಎರಡು ನಿಮಿಷದಲ್ಲಿ ಅವಳ ಎರಡು ತಿಂಗಳು ಹಂಚಿಹೋಗಿತ್ತು. ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ, ನೋಡಿ!

ಮುಂದಿನ ವಾರ ಮಗನ ಗೆಳೆಯನೊಬ್ಬ ಕ್ಯಾಮೆರಾ ಹಿಡಿದು ಬಂದ. "ಅಮ್ಮಾ, ನೀವು ನಿಮ್ಮ ಪಾಡಿಗೆ ಹೊಲೀತಿರಿ, ನನ್ನ ಕಡೆ ನೋಡ್ಬೇಡಿ" ಎಂದ. ಅವಳು ಶಾಲೆಯ ಹಾಜರಿ ಪುಸ್ತಕಗಳನ್ನು ಹೊಲಿಯುತ್ತಿದ್ದಳು. ಅಂಗಡಿಯ ವಿಡಿಯೋ ಇರಬೇಕು ಎಂದುಕೊಂಡು ಅವನಿಗೆ ಎರಡು ಸಲ ಚಹಾ ಮಾಡಿಕೊಟ್ಟಳು.

ಹತ್ತು ದಿನ ಕಳೆದ ಮೇಲೆ ತರಕಾರಿ ಗಾಡಿಯ ಹತ್ತಿರ ಪಕ್ಕದ ಅಂಗಡಿಯವನ ಹೆಂಡತಿ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು.

"ಏನೇ ಸೂಜಿಯಕ್ಕ, ನಿನ್ನ ಕೈ ಊರೆಲ್ಲ ಓಡಾಡ್ತಿದೆಯಲ್ಲೇ! ಮುಖ ಇಲ್ಲ, ಮೂತಿ ಇಲ್ಲ, ಬರೀ ಕೈ. ಹೆಬ್ಬೆರಳಿನ ಗಾಯ ನೋಡಿ ಗುರುತು ಹಿಡಿದೆ."

ಗಾಡಿಯವನು ಈರುಳ್ಳಿ ತೂಗುವುದನ್ನು ಬಿಟ್ಟು ಅವನೂ ಬಗ್ಗಿ ನೋಡಿದ. ಫೋನಿನಲ್ಲಿ ಅವಳ ಕೈ ಸೂಜಿ ಎಳೆಯುತ್ತಿತ್ತು, ಹಿಂದೆ ಪಿಟೀಲು ಅಳುತ್ತಿತ್ತು, ಮಗನ ದನಿ ಹೇಳುತ್ತಿತ್ತು: "ಪ್ರತಿಯೊಂದು ಪ್ರತಿಯನ್ನೂ ನನ್ನ ತಾಯಿ ತಮ್ಮ ಕೈಯಾರೆ ಹೊಲಿದು ನಿಮಗೆ ಕಳಿಸುತ್ತಾರೆ."

"ಎಷ್ಟು ಪುಸ್ತಕವಂತೆ?" ಎಂದಳು ಸೂಜಿಯಕ್ಕ.

"ನಿನಗೇ ಗೊತ್ತಿಲ್ವಾ? ಆಗಲೇ ನಾನೂರು ಜನ ಕೊಟ್ಟಿದಾರಂತಲ್ಲೇ!"

ಸೂಜಿಯಕ್ಕ ಈರುಳ್ಳಿ ಕೊಳ್ಳದೆ ಮನೆಗೆ ಬಂದಳು. ಮೈಯೆಲ್ಲ ಉರಿಯುತ್ತಿತ್ತು. ಆದರೂ ತಡೆದುಕೊಂಡಳು. ಮಗ ಎರಡು ವರ್ಷ ಒದ್ದಾಡಿದ್ದಾನೆ, ಜನ ಕೈ ಹಿಡಿದಿದ್ದಾರೆ, ಹುಡುಗನ ಮುಖದಲ್ಲಿ ಈಗಷ್ಟೇ ನಗು ಬಂದಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇಪ್ಪತ್ತಾರು ವರ್ಷದ ಅಭ್ಯಾಸ, ಒಂದು ಮಧ್ಯಾಹ್ನಕ್ಕೆ ಎಲ್ಲಿ ಹೋಗುತ್ತದೆ?

ಅದನ್ನು ಕಿತ್ತು ಹಾಕಿದ್ದು ಮಗಳು. ಅವಳು ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಗ್ರಾಂ ಲೆಕ್ಕದಲ್ಲಿ ತೂಗಿ, ಹತ್ತು ಗ್ರಾಂ ಹೆಚ್ಚಾದರೂ ಮುಲಾಜಿಲ್ಲದೆ ದುಡ್ಡು ಕೇಳುವವಳು. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅಣ್ಣನ ಪೇಜಿನ ಪ್ರಶ್ನೋತ್ತರ ತೆಗೆದು ಗಟ್ಟಿಯಾಗಿ ಓದತೊಡಗಿದಳು. ದುಡ್ಡು ಕೊಟ್ಟವರು ಅಲ್ಲಿ ಏನು ಬೇಕಾದರೂ ಕೇಳಬಹುದಿತ್ತು.

"‘ಪುಸ್ತಕ ಯಾವಾಗ ಕೈಸೇರುತ್ತೆ?’ ಉತ್ತರ, ಅಚ್ಚಾದ ಮೇಲೆ ನಲವತ್ತೈದು ದಿನ. ‘ತಡವಾಗುವ ಸಾಧ್ಯತೆ ಇದೆಯೇ?’ ಉತ್ತರ, ಇಲ್ಲ, ಹೊಲಿಗೆ ನಮ್ಮ ಮನೆಯಲ್ಲೇ. ಕೇಳು ಅಮ್ಮ, ಇದನ್ನ ಕೇಳು. ‘ನಿಮ್ಮ ತಾಯಿಗೆ ಪುಸ್ತಕಕ್ಕೆ ಎಷ್ಟು ಕೂಲಿ ಕೊಡುತ್ತೀರಿ?’"

ಮಗನ ಕೈ ತಟ್ಟೆಯಲ್ಲೇ ನಿಂತಿತು.

"ಓದು" ಎಂದಳು ಸೂಜಿಯಕ್ಕ.

"ಉತ್ತರ: ‘ಅಮ್ಮ ಇದನ್ನು ದುಡ್ಡಿಗಾಗಿ ಮಾಡುವುದಿಲ್ಲ. ಪ್ರೀತಿಯಿಂದ ಮಾಡುತ್ತಾರೆ.’ ಕೆಳಗೆ ನೂರಾ ಮೂವತ್ತು ಜನ ಹೃದಯ ಒತ್ತಿದಾರೆ."

ಸೂಜಿಯಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ನಿನಗೆ ಯಾರೋ ಹೇಳಿದ್ದು?"

"ಏನಮ್ಮ?"

"ನಾನು ಪ್ರೀತಿಯಿಂದ ಮಾಡ್ತೀನಿ ಅಂತ. ನನ್ನ ಕೇಳಿದ್ಯಾ? ಊರೋರೆಲ್ಲ ನಿನ್ನ ಕೇಳಿದಾರೆ, ನೀನು ಊರೋರಿಗೆಲ್ಲ ಹೇಳಿದೀಯ. ಇದೇ ಮನೇಲಿ ಮೂರು ಹೊತ್ತು ಅನ್ನ ಹಾಕೋಳನ್ನ ಒಂದು ಮಾತು ಕೇಳಿದ್ಯಾ?"

"ಅಮ್ಮ, ಅದು ಸುಮ್ನೆ ಬರೆದಿದ್ದು. ಜನಕ್ಕೆ ಇಷ್ಟ ಆಗ್ಲಿ ಅಂತ..."

"ಒಂದು ಪುಸ್ತಕಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತಾ?"

ಮಗ ಅಪ್ಪನ ಮುಖ ನೋಡಿದ. ಅಪ್ಪ ಉಪ್ಪಿನ ಡಬ್ಬಿ ನೋಡಿದರು.

"ನಲವತ್ತು ನಿಮಿಷ!" ಎಂದಳು ಸೂಜಿಯಕ್ಕ. "ತೂತು ಹಾಕೋದು, ಹೊಲಿಯೋದು, ಗಂಟು ಬಿಗಿಯೋದು, ಎಲ್ಲಾ ಸೇರಿ. ಬೆರಳಿಗೆ ಚುಚ್ಕೊಂಡ್ರೆ ಅದು ಬೇರೆ."

ಮಗಳು ಆಗಲೇ ಫೋನಿನಲ್ಲಿ ಲೆಕ್ಕ ಹಾಕಿ ಮುಗಿಸಿದ್ದಳು. "ಗುರಿ ಮುಟ್ಟಿ ಆರುನೂರು ಪುಸ್ತಕ ಆದ್ರೆ ನಾನೂರು ಗಂಟೆ. ದಿನಕ್ಕೆ ಎಂಟು ಗಂಟೆ ಕೂತ್ರೂ ಐವತ್ತು ದಿನ. ಶಾಲೆ ಪುಸ್ತಕ, ಅಡುಗೆ, ಬಟ್ಟೆ, ಅಜ್ಜಿ ಔಷಧಿ, ಇವೆಲ್ಲ ಅದರ ಹೊರಗೆ. ಇನ್ನೊಂದು ಕೇಳು. ಖರ್ಚಿನ ಪಟ್ಟಿ ಹಾಕಿದಾನೆ. ಅಚ್ಚಿಗೆ ಇಷ್ಟು, ಅಂಚೆಗೆ ಇಷ್ಟು, ವೆಬ್‌ಸೈಟಿನ ಕಮಿಷನ್ನು ಇಷ್ಟು. ವಿಡಿಯೋ ತೆಗೆದೋನಿಗೆ ಎಂಟು ಸಾವಿರ. ಕಲಾವಿದನ ಸಂಭಾವನೆ ನಲವತ್ತು ಸಾವಿರ."

"ಕಲಾವಿದ ಯಾರು?" ಎಂದಳು ಅಜ್ಜಿ.

"ಅವನೇ ಅಜ್ಜಿ."

ಸೂಜಿಯಕ್ಕನಿಗೆ ಕೋಪ ನೆತ್ತಿಗೇರಿತು. "ನನ್ನ ಕೈ ತೋರಿಸಿದೋನಿಗೆ ಎಂಟು ಸಾವಿರ. ಕೈಗೆ ಏನೂ ಇಲ್ಲ. ಅಲ್ವೇನೋ? ಅವನಿಗೆ ಚಹಾ ಬೇರೆ ಕೊಟ್ಟೆನಲ್ಲಪ್ಪ ನಾನು!"

"ನಾನು ಬೇಕಂತ ಬಿಟ್ಟಿದ್ದಲ್ಲ" ಮಗನ ದನಿಯೂ ಏರಿತು. "ನನಗೆ ಬೈಂಡಿಂಗ್ ಲೆಕ್ಕ ಏನು ಗೊತ್ತು? ಅಪ್ಪನ ಬಿಲ್ ಪುಸ್ತಕ ನೋಡ್ಕೊಂಡು ಬರೆದೆ. ರಟ್ಟು ಇದೆ, ಬಟ್ಟೆ ಇದೆ, ಅಂಟು ಇದೆ, ಚಿನ್ನದ ಅಕ್ಷರಾನೂ ಇದೆ. ಹೊಲಿಗೆ ಅನ್ನೋ ಸಾಲೇ ಇಲ್ಲ ಅದರಲ್ಲಿ. ನಾನೇನು ಮಾಡ್ಲಿ?"

ಸೂಜಿಯಕ್ಕ ಗಂಡನ ಕಡೆ ತಿರುಗಿದಳು.

"ಇಲ್ವಾ ರೀ?"

"ಅದು ಬೈಂಡಿಂಗ್ ಅನ್ನೋದರಲ್ಲೇ ಸೇರಿರುತ್ತೆ ಕಣೇ" ಎಂದರು ಬೈಂಡರು. "ನಮ್ಮಪ್ಪನ ಕಾಲದಿಂದ ಹಾಗೇ. ಬೀದಿಯಲ್ಲಿ ಎಲ್ಲರದ್ದೂ ಹಾಗೇ. ಮನೆ ಕೆಲಸಕ್ಕೆ ಯಾರಾದ್ರೂ ದರ ಹಾಕ್ತಾರಾ? ನಾಳೆ ಅನ್ನ ಬಡಿಸೋಕೂ ಕೂಲಿ ಕೇಳ್ತೀಯೇನು?"

"ಮಗನ ಹತ್ತಿರ ಕೂಲಿ ಕೇಳೋ ತಾಯೀನ ನಾನು ಕಂಡಿಲ್ಲಪ್ಪ" ಎಂದು ಅಜ್ಜಿ ತನ್ನ ಮಗನ ಪಕ್ಷ ಹಿಡಿದಳು. "ನಾನೂ ನಲವತ್ತು ವರ್ಷ ಹೊಲಿದೆ. ಒಂದು ದಿನ ಬಾಯಿ ಬಿಟ್ಟಿದ್ರೆ ಕೇಳು."

"ಅದೇ ಅತ್ತೆ, ನೀವು ಬಾಯಿ ಬಿಡಲಿಲ್ಲ. ಅದನ್ನೇ ನೋಡಿ ನಾನೂ ಬಿಡಲಿಲ್ಲ. ಈಗ ಇವನು ನನ್ನ ಬಾಯಿ ತಾನೇ ಇಟ್ಕೊಂಡು ಮಾತಾಡ್ತಿದಾನೆ!" ಅವಳು ಎದ್ದು ನಿಂತಳು. "ಅನ್ನ ಬಡಿಸ್ತೀನಿ. ಇದು ನನ್ನ ಮನೆ, ನನ್ನ ಇಷ್ಟ. ಆದರೆ ಆ ಪುಸ್ತಕಕ್ಕೆ ನಾನು ಸೂಜಿ ಮುಟ್ಟೋದಿಲ್ಲ. ಮಾತು ಕೊಟ್ಟೋನು ಹೊಲೀಲಿ."

"ಅಮ್ಮ, ನಾನು ಅಷ್ಟು ಜನಕ್ಕೆ ಮಾತು ಕೊಟ್ಟಿದೀನಿ!"

"ನನ್ನ ಕೈಯ ಮಾತು ಕೊಡೋಕೆ ನೀನ್ಯಾರೋ?"

ಅವತ್ತು ಸಂಜೆ, ಮಗ ಹೊರಗೆ ಹೋದ ಮೇಲೆ, ಅವಳು ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆ ಪ್ರಶ್ನೆಯ ಕೆಳಗೆ ಯಾರು ಬೇಕಾದರೂ ಉತ್ತರ ಬರೆಯಬಹುದೇ ಎಂದು ಕೇಳಿದಳು. ದುಡ್ಡು ಕೊಟ್ಟವರು ಬರೆಯಬಹುದು ಎಂದಳು ಮಗಳು. "ಹಾಗಾದ್ರೆ ನನ್ನ ಹೆಸರಲ್ಲಿ ಒಂದು ಪುಸ್ತಕಕ್ಕೆ ದುಡ್ಡು ಕಟ್ಟು. ನನ್ನ ಮಗನ ಪುಸ್ತಕ, ನಾನು ಕೊಳ್ಳಬಾರದು ಅಂತಿದೆಯಾ?" ಡಬ್ಬಿಯಿಂದ ಮುನ್ನೂರೈವತ್ತು ತೆಗೆದು ಕೊಟ್ಟಳು. ಆಮೇಲೆ ಅವಳು ಹೇಳಿದಳು, ಮಗಳು ಒತ್ತಿದಳು.

"ನಾನು ಆ ಕೈಯವಳು. ಪುಸ್ತಕ ಚೆನ್ನಾಗಿದೆ, ಎಲ್ಲರೂ ಕೊಳ್ಳಿ. ಆದರೆ ನನ್ನನ್ನು ಯಾರೂ ಕೇಳಿಲ್ಲ. ಒಂದು ಪುಸ್ತಕ ಹೊಲಿಯಲು ನಲವತ್ತು ನಿಮಿಷ ಬೇಕು. ನನ್ನ ದರ ಪುಸ್ತಕಕ್ಕೆ ಎಂಬತ್ತು. ಅರ್ಧ ಮುಂಗಡ."

"ಎಂಬತ್ತು ಸಾಕಾ ಅಮ್ಮ?" ಎಂದಳು ಮಗಳು.

"ಸದ್ಯಕ್ಕೆ ಸಾಕು, ಒತ್ತು."

ಅಬ್ಬಬ್ಬಾ, ಅದಾದ ಮೇಲೆ ಆ ಮನೆಯಲ್ಲಿ ನಡೆದ ರಂಪ! ಮಗ ಫೋನನ್ನು ಹಾಸಿಗೆಯ ಮೇಲೆ ಎಸೆದ. "ಮನೆ ಮಾನ ಬೀದಿಗೆ ಹಾಕಿದೆ" ಎಂದು ಬೈಂಡರು ಕೂಗಿದ್ದು ಕೆಳಗಿನ ಅಂಗಡಿಯ ಗಿರಾಕಿಗೂ ಕೇಳಿಸಿತು. "ಬೀದಿಗೆ ಹಾಕಿದ್ದು ನಾನಲ್ಲ, ಪಿಟೀಲು ಬಾರಿಸಿ ಹಾಕಿದೋನು ಅಲ್ಲಿದಾನೆ" ಎಂದಳು ಅವಳು. ವೆಬ್‌ಸೈಟಿನಲ್ಲೂ ಜನ ಸುಮ್ಮನಿರಲಿಲ್ಲ. ತಾಯಿ ಮಗನ ಜಗಳ ನಮಗ್ಯಾಕೆ ಎಂದು ಸುಮಾರು ಇಪ್ಪತ್ತು ಜನ ದುಡ್ಡು ವಾಪಸ್ಸು ಪಡೆದರು. ತಾಯಿಗೆ ಕೊಡುವುದಾದರೆ ಮಾತ್ರ ನಾವೂ ಇದ್ದೇವೆ ಎಂದು ಅಷ್ಟೇ ಜನ ಹೊಸಬರು ಸೇರಿದರು. ಇದೆಲ್ಲ ಗದ್ದಲದ ನಡುವೆ ಗುರಿ ಮುಟ್ಟಿತು, ದುಡ್ಡು ಬಂತು, ಸರಿಯಾಗಿ ಆರುನೂರು ಪುಸ್ತಕಕ್ಕೆ ಲೆಕ್ಕ ನಿಂತಿತು.

ಮೂರು ವಾರದ ನಂತರ ಅಚ್ಚಾದ ಹಾಳೆಗಳು ಬಂದವು. ಮೆಟ್ಟಿಲ ಮೇಲೆ, ಮಂಚದ ಕೆಳಗೆ, ಅಜ್ಜಿ ಕಾಲು ಚಾಚುವ ಜಾಗದಲ್ಲಿ, ಎಲ್ಲೆಲ್ಲೂ ಕಟ್ಟುಗಳು. ಬಟ್ಟೆ ಒಣಹಾಕಲು ಹೋಗಬೇಕಾದರೆ ಪಕ್ಕಕ್ಕೆ ಸರಿದು ಹೋಗಬೇಕು. ಸೂಜಿಯಕ್ಕ ಸರಿದು ಹೋಗುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಗಂಡ ಕೆಳಗಿನಿಂದ ಕಳಿಸಿದ ಶಾಲೆಯ ಪುಸ್ತಕಗಳನ್ನು ಎಂದಿನಂತೆ ಹೊಲಿಯುತ್ತಿದ್ದಳು.

ಎಲ್ಲರೂ ಕಾದರು. ಎರಡು ದಿನ ಬಿಟ್ಟರೆ ಕೋಪ ಇಳಿಯುತ್ತದೆ, ಹೆತ್ತ ಕರುಳು, ಎಲ್ಲಿ ಹೋಗುತ್ತಾಳೆ ಎಂದು ಬೈಂಡರು ಮಗನಿಗೆ ಧೈರ್ಯ ಹೇಳಿದರು. ಹತ್ತು ದಿನವಾಯಿತು. ಅವಳ ಕೋಪ ಇಳಿಯಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಮಗ ತಿಂಡಿ ತಿನ್ನದೆ ಎದ್ದ. "ಬೀದಿಯಲ್ಲಿ ಹೊಲಿಯೋರು ನೀನೊಬ್ಬಳೇನಾ? ಹೊರಗೆ ಕೊಡ್ತೀನಿ. ಮೂವತ್ತಕ್ಕೆ ಮಾಡೋರು ಬೇಕಾದಷ್ಟು ಜನ ಇದಾರೆ."

"ಹೋಗಿ ಬಾ" ಎಂದಳು ಸೂಜಿಯಕ್ಕ. "ತಿಂಡಿ ತಿಂದು ಹೋಗು."

ಅವನು ತಿನ್ನದೇ ಹೋದ. ಅವಳು ಬಾಯಲ್ಲಿ ಹಾಗಂದರೂ ಒಳಗೆ ಹೆದರಿದ್ದಳು. ಯಾರಾದರೂ ಒಬ್ಬಳು ಮೂವತ್ತಕ್ಕೆ ಹೂಂ ಅಂದರೆ ಮುಗಿಯಿತು. ಅವಳ ಎಂಬತ್ತು ಬೀದಿಯವರ ನಗೆಪಾಟಲಾಗುತ್ತದೆ. ಆಮೇಲೆ ಅವಳು ಸಾಯುವ ತನಕ ಬಾಯಿ ಮುಚ್ಚಿಕೊಂಡು ಹೊಲಿಯಬೇಕು. ಕಿಟಕಿಯಿಂದ ನೋಡಿದಳು. ಮಗ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದ. ಐದು ನಿಮಿಷಕ್ಕೆ ಇಳಿದ. ಎದುರು ಮನೆಗೆ ಹೋದ, ಇಳಿದ. ಮುಂದೆ ತಿರುವಿನಲ್ಲಿ ಮರೆಯಾದ.

ವಾಪಸ್ಸು ಬಂದಾಗ ಮಧ್ಯಾಹ್ನ ಎರಡು ಗಂಟೆ. ಅಂಗಿಯೆಲ್ಲ ಬೆವರು. ಬೈಂಡರೂ ಊಟಕ್ಕೆ ಮೇಲೆ ಬಂದಿದ್ದರು. ಮಗ ಹಾಳೆಯ ಕಟ್ಟಿನ ಮೇಲೆಯೇ ಕುಸಿದು ಕೂತ.

"ಏನಂದ್ರೋ?" ಎಂದರು ಬೈಂಡರು.

"ಆರು ಮನೆ. ಆರಕ್ಕೆ ಆರೂ ಮನೇಲಿ ಎಂಬತ್ತು."

"ಏನು?"

"ಎಂಬತ್ತು ಅಪ್ಪ! ಅರ್ಧ ಮುಂಗಡ. ಅಮ್ಮ ಬರೆದಿದ್ದನ್ನ ಎಲ್ಲರೂ ಫೋನಲ್ಲಿ ಇಟ್ಕೊಂಡಿದಾರೆ. ಆ ಮೂಲೆ ಮನೆ ಅಜ್ಜಿಗೆ ಕಣ್ಣೇ ಕಾಣ್ಸಲ್ಲ, ಅವಳೂ ಎಂಬತ್ತು ಅಂತಾಳೆ. ಕೇಳಿದ್ರೆ, ಸೂಜಿಯಕ್ಕನ ದರ ಕಣಪ್ಪ, ನಾವು ಇಳಿಸೋಕಾಗಲ್ಲ ಅಂತಾರೆ."

ಸೂಜಿಯಕ್ಕ ಅನ್ನದ ಪಾತ್ರೆಯನ್ನು ಕೆಳಗಿಟ್ಟಳು. ಆ ಹೆಂಗಸರಲ್ಲಿ ಒಬ್ಬಳೂ ಅವಳ ಹತ್ತಿರ ಬಂದು ಒಂದು ಮಾತು ಆಡಿರಲಿಲ್ಲ. ಇಬ್ಬರ ಜೊತೆ ಅವಳಿಗೆ ನೀರಿನ ಜಗಳವಾಗಿ ಮಾತೇ ಬಿಟ್ಟುಹೋಗಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮಗನಿಗೆ ತಟ್ಟೆ ಹಾಕಿದಳು.

"ನಲವತ್ತೆಂಟು ಸಾವಿರ ಆಗುತ್ತಮ್ಮ" ಎಂದ ಮಗ. ದನಿಯಲ್ಲಿ ಜಗಳವಿರಲಿಲ್ಲ, ಅಳುವಿತ್ತು. "ನನ್ನ ಸಂಭಾವನೆ ಪೂರ್ತಿ ಹೋಗುತ್ತೆ. ಎರಡು ವರ್ಷ ಕೂತು ಬರೆದಿದೀನಿ. ನನಗೆ ಒಂದು ಪೈಸೆ ಉಳಿಯಲ್ಲ."

"ನಿನ್ನ ಕೂಲಿ ನೀನು ಬಿಡು ಅಂತ ನಾನು ಹೇಳಲ್ಲ. ಎರಡು ವರ್ಷದ ಕೆಲಸ, ಬಿಡಬಾರದು. ಮುಂದಿನ ಸಲ ದುಡ್ಡು ಕೇಳೋವಾಗ ಇಬ್ಬರದ್ದೂ ಸೇರಿಸಿ ಕೇಳು. ಈ ಸಲ ಲೆಕ್ಕ ತಪ್ಪು ಹಾಕಿದ್ದು ನೀನು, ನಾನಲ್ಲ." ಅವಳು ಅನ್ನ ಬಡಿಸಿದಳು. "ಹೊಟ್ಟೆ ಉರೀತಿದೆಯಾ?"

"ಹೂಂ."

"ಉರೀಲಿ. ನನಗೂ ಉರಿದಿತ್ತು. ಪ್ರೀತಿಯಿಂದ ಮಾಡಿದೆ ಅಂದ್ಕೋ, ಸರಿಹೋಗುತ್ತೆ."

ಮಗಳು ಫಕ್ಕನೆ ನಕ್ಕು, ಅಣ್ಣನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಊಟ ಮುಗಿಸಿ ಮಗ ಬ್ಯಾಂಕಿಗೆ ಹೋಗಿ ಮುಂಗಡ ತಂದ. ಆರುನೂರು ಪುಸ್ತಕದಲ್ಲಿ ನೂರನ್ನು ಸೂಜಿಯಕ್ಕ ತನಗಿಟ್ಟುಕೊಂಡು, ಉಳಿದದ್ದನ್ನು ಆರು ಮನೆಗೂ ಹಂಚಿಸಿದಳು. ಮಾತು ಬಿಟ್ಟ ಇಬ್ಬರ ಮನೆಗೆ ಕಟ್ಟು ಹೊತ್ತು ತಾನೇ ಹೋಗಿಬಂದಳು. ಮರುದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಚಾಪೆ ಹಾಸಿ, ಮಗನ ಪುಸ್ತಕದ ಮಡಚಿದ ಮೊದಲನೇ ಹಾಳೆ ಬಿಡಿಸಿ, ದಾರಕ್ಕೆ ಮೇಣ ಸವರಿದಳು.

ಹತ್ತು ಗಂಟೆಗೆ ಬೈಂಡರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಎರಡೂ ಕೈ ತುಂಬ ಶಾಲೆಯ ಪುಸ್ತಕದ ಹಾಳೆಗಳು. ಅವಳ ಪಕ್ಕದಲ್ಲಿ ಧಪ್ಪೆಂದು ಇಳಿಸಿದರು.

"ಅದನ್ನ ಆಮೇಲೆ ನೋಡ್ಕೋ. ಶಾಲೆ ಗುಮಾಸ್ತ ಕೆಳಗೆ ಬಂದು ಕೂತಿದಾನೆ. ಈ ಐವತ್ತು ಶನಿವಾರದೊಳಗೆ ಆಗ್ಬೇಕಂತೆ."

"ಆಗುತ್ತೆ" ಎಂದಳು ಸೂಜಿಯಕ್ಕ, ದಾರ ಎಳೆಯುತ್ತ. "ದರ ಗೊತ್ತಲ್ಲ?"

ಬೈಂಡರಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆದ ಮೇಲೆ ಮುಖ ಕೆಂಪಾಯಿತು. "ನನಗಾ? ನನಗೇ ದರ ಹೇಳ್ತೀಯಾ?"

"ಗುಮಾಸ್ತನಿಗೆ ನೀವು ಹೇಳಲ್ವಾ?"

ಅವರು ಎಂದಿನಂತೆ ಮೂಲೆಯ ಮಂಚದ ಕಡೆ ತಿರುಗಿದರು. "ಅಮ್ಮಾ, ನೋಡಮ್ಮ ಇವಳನ್ನ. ನೀನಾದ್ರೂ ಬುದ್ಧಿ ಹೇಳು."

ಅಜ್ಜಿ ಹಾಸಿಗೆಯ ಮೇಲೆ ಎದ್ದು ಕೂತು, ಸೊಟ್ಟಗಾದ ತನ್ನ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದಳು.

"ಅವಳಿಗೇನು ಹೇಳ್ಲಿ? ಬುದ್ಧಿ ಇರೋದಕ್ಕೇ ಕೇಳ್ತಿದಾಳೆ. ನನಗಿರಲಿಲ್ಲ, ನಲವತ್ತು ವರ್ಷ ಬಿಟ್ಟಿ ಹೊಲಿದೆ. ನಿಮ್ಮಪ್ಪ ಬದುಕಿದ್ದಿದ್ರೆ ಇವತ್ತೇ ವಸೂಲಿ ಮಾಡ್ತಿದ್ದೆ. ಈಗ ಅಂಗಡಿ ನಿನ್ನದಲ್ವೇನೋ? ಮೊದಲು ಅವಳದ್ದು ಕೊಡು. ಆಮೇಲೆ ಇಲ್ಲಿ ಬಾ, ನನ್ನದು ಮಾತಾಡೋಣ."